ಸಬ್‌ವರ್ಷನ್: ಹಳೆಯದು ನಿಜ, ಆದರೂ ಕೆಲವು ಟೀಮ್‌ಗಳಿಗೆ ಇದೇ ಸರಿ

ಕೋಡ್ ಜೊತೆ ಡ್ರಾಯಿಂಗ್, ಫೋಟೋಶಾಪ್ ಫೈಲ್, ಎಕ್ಸೆಲ್ ಶೀಟ್ ಎಲ್ಲವನ್ನೂ ಒಂದೇ ಕಡೆ ಇಡುವ ಟೀಮ್ ನಿಮ್ಮದಾ? ಹಾಗಿದ್ದರೆ ಎಲ್ಲರೂ ಹೇಳ್ತಾರೆ ಅಂತ ಸುಮ್ನೆ ಗಿಟ್ ಹಾಕಿಕೊಳ್ಳುವ ಮುಂಚೆ ಸಬ್‌ವರ್ಷನ್ ಒಮ್ಮೆ ನೋಡಿ. ಎರಡೂ ಫೈಲ್‌ಗಳಲ್ಲಿ ಯಾರು, ಯಾವಾಗ, ಏನು ಬದಲಾಯಿಸಿದರು ಅಂತ ದಾಖಲೆ ಇಡುವ ಸಾಫ್ಟ್‌ವೇರ್‌ಗಳೇ.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ರಿವಿಷನ್ ನಂಬರ್, ಅಂದರೆ ಪ್ರತಿ ಬದಲಾವಣೆಗೆ ಸಿಗುವ ಕ್ರಮಸಂಖ್ಯೆ. ಇದಕ್ಕಿಂತ ಮುಂಚಿನ ಸಿವಿಎಸ್ ಅನ್ನುವ ಇಂಥದ್ದೇ ಸಾಫ್ಟ್‌ವೇರ್‌ನಲ್ಲಿ ಪ್ರತಿ ಫೈಲಿಗೂ ಅದರದ್ದೇ ನಂಬರ್, ಒಂದು 1.4ರಲ್ಲಿದ್ದರೆ ಪಕ್ಕದ್ದು 1.27ರಲ್ಲಿ. ಟ್ಯಾಗ್ (ಗುರುತಿನ ಹೆಸರು) ಹಾಕಿರದಿದ್ದರೆ ಹಳೆಯ ಬಿಲ್ಡ್‌ನಲ್ಲಿ (ಕೋಡ್‌ನಿಂದ ತಯಾರಿಸಿದ ಪ್ರೋಗ್ರಾಂನಲ್ಲಿ) ಯಾವ ಫೈಲ್ ಹೇಗಿತ್ತು ಅಂತ ಹುಡುಕುವುದೇ ಒಂದು ತಲೆನೋವು. ಕಮಿಟ್, ಅಂದರೆ ಬದಲಾವಣೆಯನ್ನು ದಾಖಲೆಗೆ ಸೇರಿಸುವುದು, ಅರ್ಧಕ್ಕೆ ನಿಂತರೆ ಕೆಲವು ಫೈಲ್ ಹೊಸದು, ಕೆಲವು ಹಳೆಯದು. 2004ರಲ್ಲಿ 1.0 ಬಂದಾಗ ಸಬ್‌ವರ್ಷನ್ ಸರಿಮಾಡಿದ್ದು ಇದನ್ನೇ: ಕಮಿಟ್ ಆದರೆ ಪೂರ್ತಿ ಆಗುತ್ತದೆ, ಇಲ್ಲದಿದ್ದರೆ ಇಲ್ಲ, ಮತ್ತು ಇಡೀ ಮರಕ್ಕೆ, ಅಂದರೆ ಎಲ್ಲ ಫೋಲ್ಡರ್, ಫೈಲ್ ಸೇರಿ, ಒಂದೇ ನಂಬರ್. ಗಿಟ್ ಕೂಡ ಇಡೀ ಮರವನ್ನೇ ಹಿಡಿದಿಡುತ್ತದೆ, ಆದರೆ ಅಲ್ಲಿ ಹೆಸರು 40 ಅಕ್ಷರದ ಹ್ಯಾಶ್, ಅಂದರೆ ಅಕ್ಷರ, ಅಂಕಿ ಬೆರೆತ ಉದ್ದನೆಯ ಗುರುತು. "1482 ತಗೊಳ್ಳಿ" ಅಂತ ಫೋನಿನಲ್ಲಿ ಹೇಳೋದು ಎಷ್ಟು ಸಲೀಸು ಅಲ್ವಾ? ಯಾವುದು ಮೊದಲು, ಯಾವುದು ಆಮೇಲೆ ಅಂತಲೂ ನೋಡಿದ ತಕ್ಷಣ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಕಮಿಟ್ ಮಾಡಿದಾಗ ನಿಮ್ಮ ಮೆಷಿನ್‌ನಲ್ಲಿ ಹೊಸ ನಂಬರಿಗೆ ಹೋಗುವುದು ಆ ಫೈಲ್ ಮಾತ್ರ, ಮಿಕ್ಕಿದ್ದು ಅಪ್‌ಡೇಟ್ ಮಾಡುವ ತನಕ ಹಳೆಯದರಲ್ಲೇ ಇರುತ್ತದೆ. ಬಿಲ್ಡ್‌ಗೆ ಮುಂಚೆ ಎಸ್‌ವಿಎನ್‌ವರ್ಷನ್ ಕಮಾಂಡ್ ಓಡಿಸಿ. 1470:1482ಎಂ ಅಂತ ಬಂದರೆ ಹಳೆಯದು ಹೊಸದು ಬೆರೆತಿದೆ, ಕಮಿಟ್ ಆಗದ ಬದಲಾವಣೆಯೂ ಇದೆ ಅಂತ. ಆ ಬಿಲ್ಡ್ ಯಾರಿಗೂ ಕೊಡಬೇಡಿ.

ಇನ್ನು ಲಾಕ್. ಇಬ್ಬರು ಒಂದೇ ಡ್ರಾಯಿಂಗ್ ತಿದ್ದಿದರೆ ಮರ್ಜ್ ಮಾಡೋಕೆ (ಇಬ್ಬರ ಬದಲಾವಣೆಯನ್ನೂ ಒಂದುಗೂಡಿಸೋಕೆ) ಆಗಲ್ಲ, ಒಬ್ಬರ ಕೆಲಸ ಹೋದ ಹಾಗೇ. ಇದರಲ್ಲಿ 'ನೀಡ್ಸ್ ಲಾಕ್' ಪ್ರಾಪರ್ಟಿ ಹಾಕಿಬಿಟ್ಟರೆ ಲಾಕ್ ತಗೊಳ್ಳುವ ತನಕ ಆ ಫೈಲ್ ರೀಡ್ ಓನ್ಲಿ. ಗಿಟ್‌ನಲ್ಲೂ ದೊಡ್ಡ ಫೈಲ್‌ಗಳಿಗಾಗಿರುವ ಎಲ್‌ಎಫ್‌ಎಸ್ ಹಾಕಿಕೊಂಡರೆ ಲಾಕ್ ಸಿಗುತ್ತದೆ, ಆದರೆ ಅದು ಬೇರೆಯಾಗಿ ಸೇರಿಸಿಕೊಳ್ಳಬೇಕಾದದ್ದು. ವಿಂಡೋಸ್‌ನಲ್ಲಿ ಟಾರ್ಟಾಯ್ಸ್ ಎಸ್‌ವಿಎನ್ ಇದ್ದರೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಆಯ್ತು, ಕಮಾಂಡ್ ಗೊತ್ತಿಲ್ಲದ ಡಿಸೈನರ್‌ಗಳಿಗೂ ಕಷ್ಟವಿಲ್ಲ.

ಬೇಸರ ತರುವುದು ಬ್ರಾಂಚ್ ವಿಷಯ, ಅಂದರೆ ಮುಖ್ಯ ಕೆಲಸಕ್ಕೆ ತೊಂದರೆ ಆಗದ ಹಾಗೆ ಬೇರೆಯಾಗಿ ಕೆಲಸ ಮಾಡುವ ಕವಲು. ಬ್ರಾಂಚ್ ಮಾಡೋದು ಕ್ಷಣದ ಕೆಲಸ, ಯಾಕಂದರೆ ಅದು ಫೋಲ್ಡರ್‌ನ ಕಾಪಿ ಅಷ್ಟೇ, ಸರ್ವರ್‌ನಲ್ಲಿ ಜಾಗವೂ ತಿನ್ನಲ್ಲ. ವಾಪಸ್ ಸೇರಿಸೋದು ಕಷ್ಟ. ಏನೇನು ಮರ್ಜ್ ಆಗಿದೆ ಅಂತ ತಾನೇ ನೆನಪಿಟ್ಟುಕೊಳ್ಳಲು ಶುರುಮಾಡಿದ್ದೇ 2008ರ 1.5ರಲ್ಲಿ. ಫೈಲ್ ಹೆಸರು ಬದಲಾಯಿಸಿದರೆ ಅದನ್ನು ಕಾಪಿ ಮಾಡಿ ಹಳೆಯದನ್ನು ಅಳಿಸಿದ ಹಾಗೆ ಬರೆದುಕೊಳ್ಳುತ್ತದೆ, ಅದರಿಂದ ಟ್ರೀ ಕಾನ್‌ಫ್ಲಿಕ್ಟ್ (ಫೈಲ್, ಫೋಲ್ಡರ್‌ಗಳ ಜಾಗ ಅಥವಾ ಹೆಸರಿನ ಬದಲಾವಣೆ ಒಂದಕ್ಕೊಂದು ಹೊಂದದಿರುವುದು) ಬಂದು ಇಡೀ ಮಧ್ಯಾಹ್ನ ಹೋಗಬಹುದು. ದಿನಾ ಹತ್ತಾರು ಬ್ರಾಂಚ್ ಮಾಡುವ, ಬರೀ ಕೋಡ್ ಬರೆಯುವ ಟೀಮ್ ಆದರೆ ಗಿಟ್ಟೇ ವಾಸಿ. ನೆಟ್ ಇಲ್ಲದಿದ್ದರೆ ಇಲ್ಲಿ ಕಮಿಟ್ ಇಲ್ಲ, ಹಳೆಯ ಲಾಗ್ ಕೂಡ ಸಿಗಲ್ಲ.

ಹಾಕಿಕೊಳ್ಳುವುದಾದರೆ ಮೊದಲ ದಿನವೇ ಬ್ಯಾಕಪ್ ವ್ಯವಸ್ಥೆ ಮಾಡಿ. ಗಿಟ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಮೆಷಿನ್‌ನಲ್ಲೂ ಪೂರ್ತಿ ಇತಿಹಾಸ ಇರುತ್ತದೆ, ಇಲ್ಲಿ ಅದು ಇರುವುದು ಸರ್ವರ್‌ನಲ್ಲಿ ಮಾತ್ರ. ದಿನಾ ರಾತ್ರಿ ಹಾಟ್‌ಕಾಪಿ (ಸರ್ವರ್ ನಿಲ್ಲಿಸದೆ ತೆಗೆಯುವ ಪೂರ್ತಿ ನಕಲು) ತೆಗೆದು ಬೇರೆ ಮೆಷಿನ್‌ಗೆ ಹಾಕಿ.