ಸಭಾಭವನದ ಬುಕಿಂಗ್ ಆಪ್‌ನಲ್ಲಿ ಟೇಬಲ್ ಕ್ಯಾಲೆಂಡರ್: ಕೆಲವು ಮದುವೆ ಸೀಸನ್ ಕಂಡ ಮೇಲೆ

ಆಪ್ ಕಟ್ಟುವ ಸಾಧನ ಫ್ಲಟರ್‌ನಲ್ಲಿ ಕೆಲಸ ಮಾಡುವವರಿಗೆ ಟೇಬಲ್ ಕ್ಯಾಲೆಂಡರ್ ಪ್ಯಾಕೇಜ್ ಹೊಸದಲ್ಲ. ಆಪ್‌ನೊಳಗೆ ಕ್ಯಾಲೆಂಡರ್ ತೋರಿಸುವ ಸಿದ್ಧ ಕೋಡ್ ಅದು. ಫ್ಲಟರ್ ಪ್ಯಾಕೇಜ್‌ಗಳ ತಾಣ ಪಬ್ ಡಾಟ್ ಡೆವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅಪಾಚೆ 2.0 ಲೈಸೆನ್ಸ್, ಹಾಗಾಗಿ ದುಡ್ಡಿಗೆ ಮಾಡಿಕೊಡುವ ಆಪ್‌ನಲ್ಲೂ ಧೈರ್ಯವಾಗಿ ಬಳಸಬಹುದು. ಉಡುಪಿ ಹತ್ತಿರದ ಒಂದು ಸಭಾಭವನದ ಬುಕಿಂಗ್ ಆಪ್‌ಗೆ ನಾವು ಇದನ್ನೇ ಹಾಕಿದ್ದೇವೆ. ಈಗ ಕೆಲವು ಮದುವೆ ಸೀಸನ್ ಇದರ ಮೇಲೇ ದಾಟಿವೆ. ಡೆಮೊ ನೋಡಿ ಬರೆಯುವ ವಿಮರ್ಶೆ ಬಹಳ ಇವೆ. ವರ್ಷಗಟ್ಟಲೆ ಓಡಿಸಿದ ಮೇಲೆ ಬರೆದದ್ದು ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಇದು.

ನಮ್ಮ ಕಡೆಯ ಹಾಲ್ ಬುಕಿಂಗ್ ಹೇಗಿರುತ್ತದೆ ಎಂದು ಮೊದಲು ಹೇಳಬೇಕು. ಒಂದು ದಿನಕ್ಕೆ ಒಂದೇ ಕಾರ್ಯಕ್ರಮ ಅಲ್ಲ. ಮಧ್ಯಾಹ್ನ ಮದುವೆ ಊಟ ಇರುತ್ತದೆ, ರಾತ್ರಿ ಮರುದಿನದ ಮದುವೆಯವರ ಮೆಹಂದಿ ಇರುತ್ತದೆ. ನಿಶ್ಚಿತಾರ್ಥ, ಉಪನಯನ, ಬೊಜ್ಜ (ಉತ್ತರಕ್ರಿಯೆ), ಸಂಘದ ವಾರ್ಷಿಕೋತ್ಸವ ಎಲ್ಲವೂ ಒಂದೇ ಹಾಲ್‌ನಲ್ಲಿ. ಅಲ್ಲಿಯ ಮ್ಯಾನೇಜರ್ ಕೇಳಿದ್ದು ಇಷ್ಟೇ: "ಬಣ್ಣ ಗಿಣ್ಣ ಹೇಗಾದ್ರೂ ಇರ್ಲಿ ಮಾರಾಯ್ರೆ. ಫೋನ್ ಬಂದಾಗ ಮಧ್ಯಾಹ್ನ ಖಾಲಿ ಉಂಟಾ, ರಾತ್ರಿ ಖಾಲಿ ಉಂಟಾ ಅಂತ ಕೂಡ್ಲೇ ಗೊತ್ತಾಗ್ಬೇಕು."

ಈ ಮಾತಿನಿಂದಲೇ ನಮ್ಮ ಆಯ್ಕೆ ತೀರ್ಮಾನವಾಯಿತು. ಫ್ಲಟರ್ ಜೊತೆಗೇ ಬರುವ ಡೇಟ್ ಪಿಕ್ಕರ್ ಒಂದು ತಾರೀಕು ಆರಿಸಲು ಸಾಕು, ಆದರೆ ಅದರ ಚೌಕದೊಳಗೆ ನಮ್ಮದೇನೂ ಬರೆಯಲು ಆಗುವುದಿಲ್ಲ. ಸಿಂಕ್‌ಫ್ಯೂಷನ್ ಕ್ಯಾಲೆಂಡರ್‌ನಲ್ಲಿ ಗಂಟೆ ಗಂಟೆಯ ವೇಳಾಪಟ್ಟಿ, ಟೈಮ್‌ಲೈನ್ ಎಲ್ಲ ಇದೆ. ಅದು ವಾಣಿಜ್ಯ ಲೈಸೆನ್ಸ್‌ನದು, ಸಣ್ಣ ಸಂಸ್ಥೆಗಳಿಗೆ ಬೇರೆ ಉಚಿತ ಲೈಸೆನ್ಸ್ ಕೊಡುತ್ತಾರೆ. ಡಾಕ್ಟರ ಕ್ಲಿನಿಕ್‌ಗೆ, ಟ್ಯೂಷನ್ ಕ್ಲಾಸ್‌ಗೆ ಅಂಥದ್ದು ಸರಿ. ನಮಗೆ ಬೇಕಾದದ್ದು ತಿಂಗಳ ಹಾಳೆ, ಪ್ರತಿ ಚೌಕವೂ ನಮ್ಮ ಕೈಯಲ್ಲಿರಬೇಕು.

ಟೇಬಲ್ ಕ್ಯಾಲೆಂಡರ್‌ನ ದೊಡ್ಡ ಗುಣ ಇದೇ. ಅದು ಸಾಲು, ಚೌಕ, ಎಡಬಲ ಸರಿಸುವುದು ಇಷ್ಟನ್ನು ಮಾತ್ರ ನೋಡಿಕೊಳ್ಳುತ್ತದೆ. ಚೌಕದೊಳಗೆ ಏನಿರಬೇಕು ಎನ್ನುವುದನ್ನು ಕ್ಯಾಲೆಂಡರ್ ಬಿಲ್ಡರ್ಸ್ ಎನ್ನುವ ಸೌಲಭ್ಯದ ಮೂಲಕ ನಮಗೇ ಬಿಟ್ಟಿದೆ. ಡಿಫಾಲ್ಟ್ ಆಗಿ ಕಾರ್ಯಕ್ರಮಕ್ಕೊಂದು ಚುಕ್ಕಿ ಬರುತ್ತದೆ, ಒಂದು ಚೌಕಕ್ಕೆ ನಾಲ್ಕು ಚುಕ್ಕಿಯ ಮಿತಿ. ಎರಡು ಚುಕ್ಕಿ ಕಂಡರೆ ಯಾವ ಹೊತ್ತು ಖಾಲಿ ಎಂದು ಗೊತ್ತಾಗುವುದಿಲ್ಲ ಅಲ್ವಾ? ನಾವು ಚುಕ್ಕಿ ತೆಗೆದು ಚೌಕವನ್ನೇ ಅಡ್ಡಕ್ಕೆ ಎರಡು ಭಾಗ ಮಾಡಿದೆವು. ಮೇಲಿನ ಅರ್ಧ ಮಧ್ಯಾಹ್ನ, ಕೆಳಗಿನ ಅರ್ಧ ರಾತ್ರಿ. ಅಡ್ವಾನ್ಸ್ ಬಂದಿದ್ದರೆ ಗಾಢ ಬಣ್ಣ, ಬರೀ ಮಾತು ಆಗಿದ್ದರೆ ತೆಳು ಬಣ್ಣ. ಮ್ಯಾನೇಜರ್ ಈಗ ಡೈರಿ ತೆಗೆಯುವ ಮೊದಲು ಫೋನ್ ತೆಗೆಯುತ್ತಾರೆ.

ಇನ್ನೊಂದು ಅಗತ್ಯ ನಮ್ಮ ಜಿಲ್ಲೆಗಳದ್ದೇ. ಜನ ಇಲ್ಲಿ ಇಂಗ್ಲಿಷ್ ತಾರೀಕಿನ ಜೊತೆಗೆ ತುಳು ತಿಂಗಳನ್ನೂ ಲೆಕ್ಕ ಹಾಕುತ್ತಾರೆ. ಬೇಶ ತಿಂಗಳ ಹತ್ತರ ಪತ್ತನಾಜೆ (ಕೋಲ, ಯಕ್ಷಗಾನಗಳ ಋತು ಮುಗಿಯುವ ದಿನ) ಯಾವತ್ತು ಬಿತ್ತು, ಆಟಿ ತಿಂಗಳು ಯಾವತ್ತಿನಿಂದ ಶುರು ಎಂದು ಕೇಳಿಯೇ ದಿನ ಗೊತ್ತು ಮಾಡುವುದು. ಈ ತಿಂಗಳುಗಳು ಸಂಕ್ರಮಣದ ಮೇಲೆ ನಡೆಯುವುದರಿಂದ ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆಗುತ್ತದೆ. ಪ್ಯಾಕೇಜ್‌ಗೆ ಇದೆಲ್ಲ ಗೊತ್ತಿಲ್ಲ, ಗೊತ್ತಿರಬೇಕೆಂದೂ ಇಲ್ಲ. ಪಂಚಾಂಗ ನೋಡಿ ವರ್ಷಕ್ಕೊಂದು ಪಟ್ಟಿ ಮಾಡಿ ಆಪ್‌ಗೆ ಕೊಡುತ್ತೇವೆ. ಚೌಕದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಬೇಶ 10" ಎಂದು ಬರುತ್ತದೆ. ಹಿರಿಯರು ಮೊದಲು ನೋಡುವುದು ಆ ಮೂಲೆಯನ್ನೇ.

ಆಟಿಯ ವಿಚಾರದಲ್ಲಿ ಒಂದು ಸಲಹೆ. ಆ ತಿಂಗಳಲ್ಲಿ ಮದುವೆ ಇಲ್ಲ ಎಂದು ಎನೇಬಲ್ಡ್ ಡೇ ಪ್ರೆಡಿಕೇಟ್ (ಯಾವ ದಿನ ಒತ್ತಬಹುದು ಎನ್ನುವ ಸೆಟ್ಟಿಂಗ್) ಹಾಕಿ ದಿನಗಳನ್ನು ಮುಚ್ಚಬೇಡಿ. ಬೊಜ್ಜ ಕಾಲ ನೋಡಿ ಬರುವುದಿಲ್ಲ. ಆಟಿಯ ತಿಂಡಿ ತಿನಿಸಿನ ಕಾರ್ಯಕ್ರಮಗಳಿಗೂ ಹಾಲ್ ಬೇಕು. ಧನುರ್ಮಾಸದಲ್ಲೂ ಹಾಗೆಯೇ, ಕ್ರಿಸ್ಮಸ್ ಕಳೆದ ಮೇಲೆ ಕ್ರೈಸ್ತರ ಮದುವೆಗಳು ಜಾಸ್ತಿ. ಚೌಕದ ಹಿನ್ನೆಲೆಯನ್ನು ಸ್ವಲ್ಪ ಮಂಕು ಮಾಡಿದರೆ ಸಾಕು, ಒತ್ತಲು ಬಿಡಬೇಕು.

ರಜೆಗಳಿಗೆ ಹಾಲಿಡೇ ಪ್ರೆಡಿಕೇಟ್ ಇದೆ. ಇಲ್ಲಿ ಸಿದ್ಧ ರಜಾಪಟ್ಟಿಯನ್ನು ಕಣ್ಣುಮುಚ್ಚಿ ತುಂಬಬಾರದು. ಉಡುಪಿ ಕೃಷ್ಣಮಠದಲ್ಲಿ ಅಷ್ಟಮಿ ಸೌರಮಾನದ ಲೆಕ್ಕ. 2025ರಲ್ಲಿ ಸರಕಾರಿ ರಜೆ ಆಗಸ್ಟ್ 16ಕ್ಕಿತ್ತು. ಉಡುಪಿಯಲ್ಲಿ ಅಷ್ಟಮಿ ಸೆಪ್ಟೆಂಬರ್ 14ಕ್ಕೆ, ಮೊಸರುಕುಡಿಕೆಯ ವಿಟ್ಲಪಿಂಡಿ 15ಕ್ಕೆ. ವಿಟ್ಲಪಿಂಡಿ ದಿನ ರಥಬೀದಿ ಸುತ್ತ ಗಾಡಿ ಹೋಗುವುದಿಲ್ಲ. ಅಡುಗೆಯವರು, ಶಾಮಿಯಾನದವರು ಮೊದಲೇ ಯೋಚಿಸಬೇಕು. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯವೂ (ಮಠದ ಪೂಜೆಯ ಅಧಿಕಾರ ಬದಲಾಗುವ ಉತ್ಸವ) ಅಷ್ಟೇ. ವೀಕೆಂಡ್ ಡೇಸ್‌ನಲ್ಲಿ ಶನಿವಾರವೂ ಸೇರಿ ಬರುತ್ತದೆ. ಇಲ್ಲಿ ಶನಿವಾರ ಕೆಲಸದ ದಿನ, ಹಾಗಾಗಿ ಭಾನುವಾರ ಒಂದನ್ನೇ ಇಟ್ಟೆವು.

ಕನ್ನಡದ ವಿಷಯಕ್ಕೆ ಬರುತ್ತೇನೆ. ಭಾಷೆಯ ಸೆಟ್ಟಿಂಗ್ ಆದ ಲೊಕೇಲ್‌ಗೆ ಕನ್ನಡ ಕೊಟ್ಟು, ಆಪ್ ಶುರುವಾಗುವಾಗ ತಾರೀಕನ್ನು ಆಯಾ ಭಾಷೆಗೆ ಒಗ್ಗಿಸುವ ಇಂಟ್ಲ್ ಪ್ಯಾಕೇಜಿನ ಇನಿಶಿಯಲೈಸ್ ಡೇಟ್ ಫಾರ್ಮ್ಯಾಟಿಂಗ್ ಕರೆದರೆ ತಿಂಗಳು, ವಾರ ಎಲ್ಲ ಕನ್ನಡದಲ್ಲಿ ಬರುತ್ತದೆ. ಆದರೆ ವಾರದ ಹೆಸರಿನ ಸಾಲಿನ ಎತ್ತರ ಡಿಫಾಲ್ಟ್ ಆಗಿ 16 ಪಿಕ್ಸೆಲ್ ಮಾತ್ರ. ಇಂಗ್ಲಿಷ್‌ಗೆ ಅದು ಸಾಕು. ನಮ್ಮ ಲಿಪಿಗೆ ಸಾಲದು. "ಶುಕ್ರ"ದ ಒತ್ತು ಕೆಳಗೆ ತುಂಡಾಗುತ್ತದೆ. ಡೇಸ್ ಆಫ್ ವೀಕ್ ಹೈಟ್ ಅನ್ನು 28ರ ಸುತ್ತ ಇಡಿ. ಫೋನ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳುವವರಿದ್ದರೆ ಇನ್ನೂ ಜಾಸ್ತಿ. ತಿಂಗಳು, ಎರಡು ವಾರ, ವಾರ ಎಂದು ನೋಟ ಬದಲಿಸುವ ಬಟನ್ನಿನ ಮೇಲಿನ ಪದಗಳು ಲೊಕೇಲ್ ಬದಲಿಸಿದರೂ ಇಂಗ್ಲಿಷ್‌ನಲ್ಲೇ ಉಳಿಯುತ್ತವೆ. ಅವನ್ನು ಅವೈಲಬಲ್ ಕ್ಯಾಲೆಂಡರ್ ಫಾರ್ಮ್ಯಾಟ್ಸ್‌ನಲ್ಲಿ ನಾವೇ ಬರೆದು ಕೊಡಬೇಕು. ಎರಡು ವಾರದ ನೋಟ ಮ್ಯಾನೇಜರ್‌ಗೆ ಬಹಳ ಇಷ್ಟ. ಪಾತ್ರೆ, ಗ್ಯಾಸ್, ಬಡಿಸುವವರ ಲೆಕ್ಕ ಅದರಲ್ಲೇ ನಡೆಯುತ್ತದೆ.

ಈಗ ಎಚ್ಚರಿಕೆ ಬೇಕಾದ ಜಾಗ. ಈ ಕ್ಯಾಲೆಂಡರ್ ನಮಗೆ ಕೊಡುವ ದಿನಗಳೆಲ್ಲ ಯುಟಿಸಿಯವು, ಅಂದರೆ ಜಾಗತಿಕ ಪ್ರಮಾಣ ಸಮಯದವು. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮೇ 15ರ ನಡುರಾತ್ರಿ 12 ಗಂಟೆಯನ್ನು ಫೋನಿನ ಸಮಯದಲ್ಲಿ ಹಿಡಿದು ಯುಟಿಸಿಗೆ ಬದಲಿಸಿ ಸೇವ್ ಮಾಡಿದರೆ ಅದು ಮೇ 14ರ ಸಂಜೆ ಆರೂವರೆ ಆಗುತ್ತದೆ. ಬುಕಿಂಗ್ ಒಂದು ದಿನ ಹಿಂದಿನ ಚೌಕದಲ್ಲಿ ಕೂರುತ್ತದೆ. ಮದುವೆ ಹಾಲ್‌ಗೆ ಇದಕ್ಕಿಂತ ದೊಡ್ಡ ಅನಾಹುತ ಇಲ್ಲ. ಹಾಲ್‌ನ ತಾರೀಕಿಗೆ ಗಂಟೆ ನಿಮಿಷ ಬೇಕಾಗಿಯೇ ಇಲ್ಲ. ವರ್ಷ, ತಿಂಗಳು, ದಿನ ಮಾತ್ರ ಪಠ್ಯವಾಗಿ ಇಡಿ, ಮಧ್ಯಾಹ್ನವೋ ರಾತ್ರಿಯೋ ಎನ್ನುವುದನ್ನು ಬೇರೆ ಕಾಲಂನಲ್ಲಿ ಇಡಿ. ದಿನದ ಮೇಲೆ ಮ್ಯಾಪ್ (ದಿನ ಕೊಟ್ಟರೆ ಅದರ ಬುಕಿಂಗ್ ಕೊಡುವ ಕೋಷ್ಟಕ) ಕಟ್ಟುವಾಗ ಹೋಲಿಕೆಗೆ ಈಸ್ ಸೇಮ್ ಡೇ ಬಳಸಿ. ಇಲ್ಲದಿದ್ದರೆ ಮಾಹಿತಿ ಇದ್ದೂ ಚೌಕ ಖಾಲಿ ಕಾಣುತ್ತದೆ.

ಪ್ರತಿ ದಿನದ ಕಾರ್ಯಕ್ರಮ ಕೊಡುವ ಇವೆಂಟ್ ಲೋಡರ್ ಕೂಡಲೇ ಪಟ್ಟಿ ಕೊಡಬೇಕು, ಕಾಯುವುದಿಲ್ಲ. ಅದರೊಳಗಿಂದ ಸರ್ವರ್‌ಗೆ ಕೇಳಲು ಹೋಗಬೇಡಿ. ಪುಟ ಬದಲಾದಾಗ ಆ ತಿಂಗಳು ಮತ್ತು ಅಕ್ಕಪಕ್ಕದ ತಿಂಗಳುಗಳ ಬುಕಿಂಗ್ ತಂದು ಮೆಮೊರಿಯಲ್ಲಿಟ್ಟರೆ ಚೌಕಗಳು ತಡವಿಲ್ಲದೆ ತುಂಬುತ್ತವೆ. ಹಾಲ್‌ನ ಒಳಗೆ ನೆಟ್‌ವರ್ಕ್ ಸರಿಯಾಗಿ ಸಿಗದ ಜಾಗಗಳಲ್ಲಿ ಇದು ಇನ್ನೂ ಮುಖ್ಯ. ಪುಟ ಬದಲಾದಾಗ ಓಡುವ ಆನ್ ಪೇಜ್ ಚೇಂಜ್ಡ್‌ನಲ್ಲಿ, ಯಾವ ತಿಂಗಳು ಕಾಣಬೇಕು ಎಂದು ಹೇಳುವ ಫೋಕಸ್ಡ್ ಡೇಯನ್ನೂ ಬದಲಿಸಲೇಬೇಕು. ಬದಲಿಸದಿದ್ದರೆ ಹೊಸ ಬುಕಿಂಗ್ ಬಂದು ಪರದೆ ಮತ್ತೆ ಕಟ್ಟಿದಾಗ ಕ್ಯಾಲೆಂಡರ್ ಹಳೆಯ ತಿಂಗಳಿಗೆ ಹಾರುತ್ತದೆ.

ಕ್ಯಾಲೆಂಡರ್ ತೋರಿಸುವ ಕೊನೆಯ ದಿನ, ಲಾಸ್ಟ್ ಡೇ ಬಗ್ಗೆಯೂ ಯೋಚಿಸಿ. ಪ್ಯಾಕೇಜ್ ಜೊತೆ ಬರುವ ರೀಡ್‌ಮಿ ಪುಟದ ಮಾದರಿಯಲ್ಲಿ 2030ರ ಮಾರ್ಚ್ 14 ಎಂದಿದೆ. ಅದನ್ನು ಹಾಗೇ ನಕಲು ಮಾಡಿದ ಆಪ್‌ನಲ್ಲಿ ಅದರಾಚೆಯ ತಿಂಗಳಿಗೆ ಹೋಗಲು ಆಗುವುದಿಲ್ಲ. ಮಂದಾರ್ತಿ, ಕಟೀಲು ಯಕ್ಷಗಾನ ಮೇಳಗಳ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯುವ ಊರಿದು, ದೂರದ ದಿನ ಕೇಳುವವರು ಇದ್ದೇ ಇರುತ್ತಾರೆ. ಇವತ್ತಿನಿಂದ ಇಷ್ಟು ವರ್ಷ ಮುಂದೆ ಎಂದು ಲೆಕ್ಕ ಹಾಕಿ ಕೊಡುವುದೇ ಸರಿ.

ಕ್ಯಾಲೆಂಡರ್ ಕೆಳಗೆ ಬುಕಿಂಗ್ ಪಟ್ಟಿ ಇಡುವವರಿಗೆ ಎರಡು ಸೆಟ್ಟಿಂಗ್. 2026ರ ಫೆಬ್ರವರಿ ಭಾನುವಾರ ಶುರುವಾಗಿ ನಾಲ್ಕೇ ಸಾಲಿನಲ್ಲಿ ಮುಗಿಯುತ್ತದೆ. ಅದೇ ವರ್ಷದ ಆಗಸ್ಟ್ ಶನಿವಾರ ಶುರುವಾಗಿ ಆರು ಸಾಲು ಹಿಡಿಯುತ್ತದೆ. ತಿಂಗಳು ಸರಿಸಿದಂತೆ ಕೆಳಗಿನ ಪಟ್ಟಿ ಮೇಲೆ ಕೆಳಗೆ ಕುಣಿಯುತ್ತದೆ. ಯಾವಾಗಲೂ ಆರು ಸಾಲು ಇಡುವ ಸಿಕ್ಸ್ ವೀಕ್ ಮಂತ್ಸ್ ಎನ್‌ಫೋರ್ಸ್ಡ್ ಹಾಕಿದರೆ ನಿಲ್ಲುತ್ತದೆ. ಬೆರಳನ್ನು ಮೇಲಕ್ಕೆ ಕೆಳಕ್ಕೆ ಸರಿಸುವುದನ್ನೂ ಬಂದ್ ಮಾಡಿ, ಅಡ್ಡಕ್ಕೆ ಮಾತ್ರ ಬಿಡಿ. ಇಲ್ಲದಿದ್ದರೆ ಪಟ್ಟಿ ನೋಡಲು ಹೋದವರಿಗೆ ತಿಂಗಳ ನೋಟ ಎರಡು ವಾರದ್ದಾಗಿ ಮಡಚಿಕೊಳ್ಳುತ್ತದೆ.

ಎರಡು ಮೂರು ದಿನ ಒಟ್ಟಿಗೆ ಹಿಡಿಯುವವರಿಗೆ ರೇಂಜ್ ಆಯ್ಕೆ ಇದೆ, ಚೆನ್ನಾಗಿದೆ. ನಡುವೆ ಬೇರೆಯವರ ಬುಕಿಂಗ್ ಇದ್ದರೂ ಅದು ತಡೆಯುವುದಿಲ್ಲ. ಆ ಪರಿಶೀಲನೆ ನಿಮ್ಮ ಕೋಡ್‌ನಲ್ಲಿರಬೇಕು, ಸರ್ವರ್‌ನಲ್ಲೂ ಇರಬೇಕು.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಅರ್ಧ ಕಡಿಮೆಯಾದದ್ದು ಇಂಟ್ಲ್ ಕಾರಣಕ್ಕೆ. ಫ್ಲಟರ್‌ನಲ್ಲಿ ಭಾಷೆ ನೋಡಿಕೊಳ್ಳುವ ಲೋಕಲೈಸೇಶನ್ ಭಾಗ ಇಂಟ್ಲ್‌ನ ಒಂದೇ ಆವೃತ್ತಿಗೆ ಕಟ್ಟಿಕೊಂಡಿರುತ್ತದೆ. ಟೇಬಲ್ ಕ್ಯಾಲೆಂಡರ್‌ಗೂ ಇಂಟ್ಲ್ ಬೇಕು. ಫ್ಲಟರ್ ಮುಂದೆ ಹೋದಾಗ ಎರಡರ ಆವೃತ್ತಿ ಹೊಂದುವವರೆಗೆ ಬಿಲ್ಡ್ (ಆಪ್ ಕಟ್ಟುವ ಕೆಲಸ) ನಿಲ್ಲುತ್ತದೆ. ಅದಕ್ಕೆ ನಾವು ಫ್ಲಟರ್ ಅಪ್‌ಗ್ರೇಡನ್ನು ಏಪ್ರಿಲ್, ಮೇಯಲ್ಲಿ ಮುಟ್ಟುವುದಿಲ್ಲ. ಹಾಲ್ ಸ್ವಲ್ಪ ಬಿಡುವಾಗಿರುವ ಆಟಿಯಲ್ಲಿ ಮಾಡುತ್ತೇವೆ, ಮುಂದಿನ ತಿಂಗಳು ಸೋಣ ಬರುವುದರೊಳಗೆ ಪರೀಕ್ಷೆ ಮುಗಿಸುತ್ತೇವೆ.