ಸ್ಪೀಡ್ ಲಾಕ್ ತೆಗೆದ ಹಳೆ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಬೇಡಿ

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಸ್ಕೂಟರ್ ನೋಡಲು ಹೊರಟಿದ್ದೀರಾ? ಮಾರುವವರು "ಲಾಕ್ ತೆಗೆಸಿದ್ದೇನೆ, ಒಳ್ಳೆ ಸ್ಪೀಡ್ ಉಂಟು" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಲಾಕ್ ಅಂದರೆ ಗಾಡಿ ಗಂಟೆಗೆ 25 ಕಿಲೋಮೀಟರ್ ದಾಟದ ಹಾಗೆ ಹಾಕಿರುವ ತಡೆ. ಆ ಮಾತಿಗೇ ಮರುಳಾಗಿ 32,000 ರೂಪಾಯಿ ಕೊಟ್ಟವಳು ನಾನು.

ನನ್ನ ಮನೆ ಮಂಗಳೂರಿನ ಕಾವೂರಿನಲ್ಲಿ, ಕೆಲಸ ಹಂಪನಕಟ್ಟೆಯಲ್ಲಿ. ಲೈಸೆನ್ಸ್ ಮಾಡಿಸಿಲ್ಲ. ಹಾಗಾಗಿ ಲೈಸೆನ್ಸೂ ನಂಬರ್ ಪ್ಲೇಟೂ ಬೇಡದ ಗಾಡಿ ಹುಡುಕುತ್ತಿದ್ದೆ. ಕೊಟ್ಟಾರ ಚೌಕಿಯ ಹತ್ತಿರ ಒಬ್ಬ ಹುಡುಗ ತೋರಿಸಿದ. ಮೀಟರಿನಲ್ಲಿ ಫುಲ್ ಚಾರ್ಜ್. ಕೂಳೂರು ಕಡೆಗೆ ಒಂದು ಸುತ್ತು ಹೋಗಿ ಬಂದೆ. ಸದ್ದೇ ಇಲ್ಲ, 45ರ ಸ್ಪೀಡು. "ಎಪ್ಪತ್ತು ಕಿಲೋಮೀಟರ್ ಕೊಡ್ತದೆ ಅಕ್ಕ" ಅಂದ. ಆ ಹೈವೇಯಲ್ಲಿ ಏರೇ ಇಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಮೊದಲ ದಿನ ಇನ್ನೊಂದು ಖುಷಿ. ಖಾಲಿಯಾದ ಬ್ಯಾಟರಿ ಎರಡೇ ಗಂಟೆಯಲ್ಲಿ ತುಂಬಿತು! ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ನಗಬೇಡಿ.

ಮೂರನೇ ದಿನ ಸಂಜೆ, ಹಂಪನಕಟ್ಟೆಯಿಂದ ಜ್ಯೋತಿ ಸರ್ಕಲ್ಲಿಗೆ ಹೋಗುವ ಏರಿನಲ್ಲಿ ಗಾಡಿ ಗಪ್ಪೆಂದು ನಿಂತಿತು. ಹಿಂದೆ ಬಸ್ಸಿನ ಹಾರ್ನು. ಪಕ್ಕಕ್ಕೆ ತಳ್ಳಿ ಐದು ನಿಮಿಷ ನಿಂತೆ. ಆನ್ ಮಾಡಿದರೆ ಮೀಟರಿನಲ್ಲಿ ಮೂರು ಕಡ್ಡಿ ಚಾರ್ಜ್! ಹತ್ತಿದೆ, ಐವತ್ತು ಮೀಟರ್ ಹೋಯಿತು, ಮತ್ತೆ ನಿಂತಿತು. ಕದ್ರಿ ದಾಟುವಷ್ಟರಲ್ಲಿ ಅರ್ಧ ದಾರಿ ನಾನೇ ಅದನ್ನು ತಳ್ಳಿದ್ದೆ.

ಮೆಕ್ಯಾನಿಕ್ ಬ್ಯಾಟರಿ ಬಿಚ್ಚಿ ತೋರಿಸಿದ ಮೇಲೆ ಎಲ್ಲ ಅರ್ಥವಾಯಿತು. ಅದು 60 ವೋಲ್ಟ್, 28 ಆಂಪಿಯರ್ ಅವರ್ ಬ್ಯಾಟರಿ. 5 ಆಂಪಿಯರ್ ಚಾರ್ಜರಿನಲ್ಲಿ ಖಾಲಿಯಿಂದ ತುಂಬಲು ಐದಾರು ಗಂಟೆ ಬೇಕು. ಎರಡು ಗಂಟೆಗೇ ತುಂಬಿತು ಅಂದರೆ ಒಳಗೆ ಚಾರ್ಜ್ ಹಿಡಿಯಲು ಜಾಗವೇ ಉಳಿದಿಲ್ಲ ಅಂತ. ಇಂಥ ಮೀಟರುಗಳು ವೋಲ್ಟೇಜ್ ನೋಡಿ ಕಡ್ಡಿ ತೋರಿಸುತ್ತವೆ. ನಿಂತಾಗ ವೋಲ್ಟೇಜ್ ಚೇತರಿಸಿಕೊಳ್ಳುತ್ತದೆ, ಏರಿನಲ್ಲಿ ಮೋಟಾರು ಜಾಸ್ತಿ ಕರೆಂಟ್ ಎಳೆದಾಗ ಕುಸಿಯುತ್ತದೆ. ಕೂಡಲೇ ಮೋಟಾರಿಗೆ ಕರೆಂಟ್ ಬಿಡುವ ಕಂಟ್ರೋಲರ್ ಗಾಡಿಯನ್ನು ಬಂದ್ ಮಾಡುತ್ತದೆ. ಲಾಕ್ ತೆಗೆದು ಓಡಿಸಿದ್ದರಿಂದ ಬ್ಯಾಟರಿ ಬೇಗ ಸೊರಗಿದೆ ಅಂದರು ಅವರು. ಬ್ಯಾಟರಿಯ ಮೇಲಿನ ತಯಾರಿ ದಿನಾಂಕವನ್ನು ಯಾರೋ ಕೆರೆದು ತೆಗೆದಿದ್ದರು. ಹೊಸದಕ್ಕೆ 28,000 ಆಗುತ್ತದಂತೆ. ಅಂದರೆ ಗಾಡಿಯ ರೇಟಿನ ಹತ್ತಿರ ಹತ್ತಿರ!

ಇಷ್ಟರ ನಡುವೆ ಕೆಪಿಟಿ (ಕರ್ನಾಟಕ ಪಾಲಿಟೆಕ್ನಿಕ್) ಹತ್ತಿರ ಒಮ್ಮೆ ಟ್ರಾಫಿಕ್ ಪೊಲೀಸರು ನಿಲ್ಲಿಸಿದರು. ಲೈಸೆನ್ಸ್, ರಿಜಿಸ್ಟ್ರೇಷನ್ ಬೇಡ ಅನ್ನುವುದು ಮೋಟಾರು 250 ವಾಟ್ ಮೀರದ, ಗಂಟೆಗೆ 25 ಕಿಲೋಮೀಟರಿಗಿಂತ ವೇಗವಾಗಿ ಓಡದ ಗಾಡಿಗೆ ಮಾತ್ರ. ಲಾಕ್ ತೆಗೆದರೆ ಆ ವಿನಾಯಿತಿ ಹೋಯಿತು. ಆಮೇಲೆ ಅದು ನಂಬರ್ ಇಲ್ಲದ, ವಿಮೆ ಇಲ್ಲದ ಮೋಟಾರು ಗಾಡಿ. ಓಡಿಸುವವಳಿಗೂ ಲೈಸೆನ್ಸ್ ಇಲ್ಲ! ಆ ದಿನ ಬೈದು ಬಿಟ್ಟರು. ಯಾರಿಗಾದರೂ ಗುದ್ದಿದ್ದರೆ ಅಂತ ಯೋಚಿಸಿದರೆ ಈಗಲೂ ಕೈ ತಣ್ಣಗಾಗುತ್ತದೆ.

ಹುಡುಗನಿಗೆ ಫೋನ್ ಮಾಡಿದೆ. "ನೀವೇ ಓಡಿಸಿ ನೋಡಿದ್ದಲ್ವಾ ಅಕ್ಕ?" ಅಂದ. ಆಮೇಲೆ ಎತ್ತಲೇ ಇಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳಲೇಬೇಕಿದ್ದರೆ ಲಾಕ್ ಇರುವುದನ್ನೇ ನೋಡಿ, ಅರ್ಧ ಚಾರ್ಜ್ ಇರುವಾಗ ಹೋಗಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಯಾವುದಾದರೂ ದೊಡ್ಡ ಏರು ಹತ್ತಿಸಿ ನೋಡಿ. ಚಾರ್ಜ್ ತುಂಬಲು ಎಷ್ಟು ಹೊತ್ತು ಬೇಕು ಅಂತ ಕೇಳಿ, ಬೇಗ ಅಂದರೆ ನನ್ನ ಹಾಗೆ ಹಿಗ್ಗಬೇಡಿ. ಇಂಥ ಗಾಡಿಗೆ ಆರ್‌ಸಿ ಇರುವುದಿಲ್ಲ. ಹಾಗಾಗಿ ಮೊದಲ ಬಿಲ್ ಬೇಕೇ ಬೇಕು, ಅದರಲ್ಲಿರುವ ಚಾಸಿ ನಂಬರ್ ಗಾಡಿಯದ್ದೇನಾ ನೋಡಿ. ನನ್ನ ಬಳಿ ಇರುವುದು ಬಿಳಿ ಹಾಳೆಯಲ್ಲಿ ಬರೆದ ನಾಲ್ಕು ಸಾಲು ಮಾತ್ರ.

ಲಾಕ್ ಮತ್ತೆ ಹಾಕಿಸಿದ್ದೇನೆ. ಈಗ ಗಾಡಿ ಹಾಲು, ಮೀನು ತರಲು ಕಾವೂರು ಪೇಟೆಗೆ ಹೋಗಿ ಬರುತ್ತದೆ. ಹಂಪನಕಟ್ಟೆಗೆ ನಾನು ಬಸ್ಸಿನಲ್ಲೇ ಹೋಗುತ್ತೇನೆ.