ಗೂಢಚಾರನನ್ನು ನಂಬಿದವರ ಗತಿ: ಮೂರು ಸರಣಿಗಳ ಹೋಲಿಕೆ

ಶತ್ರು ದೇಶದಲ್ಲಿ ಅಲ್ಲಿಯವರೇ ಆಗಿ ಬಾಳುತ್ತಾ ವರ್ಷಗಟ್ಟಲೆ ಕಾಯುವ ಸ್ಲೀಪರ್ ಏಜೆಂಟ್‌ಗಳ ಕಥೆ ಯಾವುದಾದರೂ ಹೇಳು ಎಂದು ಗೆಳೆಯರು ಕೇಳಿದರೆ ನನ್ನ ಬಾಯಿಗೆ ಬರುವುದು ಮೂರು ಹೆಸರು: ‘ದಿ ಅಮೆರಿಕನ್ಸ್’, ‘ಡಾಯ್ಚ್‌ಲ್ಯಾಂಡ್ 83’, ‘ದಿ ಸ್ಪೈ’. ಮೂರನ್ನೂ ಕೊನೆಯವರೆಗೆ ನೋಡಿದ್ದೇನೆ. ವೇಷ, ಗುಟ್ಟಿನ ಸಂದೇಶ, ಸಿಕ್ಕಿಬೀಳುವ ಭಯ ಮೂರರಲ್ಲೂ ಇವೆ, ಅಷ್ಟರಿಂದ ಯಾವುದು ಮೇಲು ಎಂದು ತೀರ್ಮಾನಿಸಲಾಗದು. ನಾನು ಅಳೆಯುವುದು ಬೇರೆ ಒಂದು ಪ್ರಶ್ನೆಯಿಂದ: ಗೂಢಚಾರನನ್ನು ನಂಬಿ ಮನೆಯೊಳಗೆ ಬಿಟ್ಟುಕೊಂಡವರ ಕಡೆಗೆ ಕಥೆ ಎಷ್ಟು ಹೊತ್ತು ತಿರುಗಿ ನೋಡುತ್ತದೆ? ಇದಕ್ಕೆ ಉತ್ತರ ಹೇಳಲು ಕೆಲವು ತಿರುವುಗಳನ್ನು ಬಿಟ್ಟುಕೊಡಲೇಬೇಕು. ಏನೂ ಗೊತ್ತಿಲ್ಲದೆ ನೋಡಬೇಕೆನ್ನುವವರು ಇಲ್ಲಿಗೇ ನಿಲ್ಲಿಸಿ, ನೋಡಿ ಬಂದ ಮೇಲೆ ಓದಿ.

‘ದಿ ಅಮೆರಿಕನ್ಸ್’ 2013ರಿಂದ 2018ರವರೆಗೆ ಆರು ಸೀಸನ್, 75 ಕಂತುಗಳಲ್ಲಿ ಬಂತು. ಇದನ್ನು ರೂಪಿಸಿದ ಜೋ ವೈಸ್‌ಬರ್ಗ್ ಹಿಂದೆ ಸಿಐಎಯಲ್ಲಿ ಕೆಲಸ ಮಾಡಿದವರು. 2010ರ ಜೂನ್‌ನಲ್ಲಿ ಅಮೆರಿಕದಲ್ಲಿ ಹತ್ತು ಮಂದಿ ರಷ್ಯನ್ ಗೂಢಚಾರರು ಸಿಕ್ಕಿಬಿದ್ದರು. ಅವರಲ್ಲಿ ಮಕ್ಕಳೊಂದಿಗೆ ಸಂಸಾರ ಹೂಡಿದ್ದ ದಂಪತಿಗಳೂ ಇದ್ದರು. ಮುಂದಿನ ತಿಂಗಳೇ ವಿಯೆನ್ನಾದಲ್ಲಿ ಕೈದಿಗಳ ವಿನಿಮಯವಾಗಿ ಅವರು ರಷ್ಯಕ್ಕೆ ಮರಳಿದರು. ಸರಣಿಗೆ ಪ್ರೇರಣೆ ಆ ಪ್ರಕರಣ. ಆದರೆ ಕಥೆಯ ಕಾಲವನ್ನು ರೇಗನ್ ಅಧ್ಯಕ್ಷರಾದ 1981ಕ್ಕೆ ಒಯ್ದದ್ದು ಬಹಳ ಒಳ್ಳೆಯ ನಿರ್ಧಾರ. ಶೀತಲ ಸಮರದ ಬಿಸಿ ಮತ್ತೆ ಏರುತ್ತಿದ್ದ ವರ್ಷಗಳವು, ಪ್ರತಿ ಸುಳ್ಳಿಗೂ ಪ್ರಾಣದ ಬೆಲೆ ಇತ್ತು.

ಎಲಿಜಬೆತ್ ಮತ್ತು ಫಿಲಿಪ್ ವಾಷಿಂಗ್ಟನ್ ಹತ್ತಿರದ ಫಾಲ್ಸ್ ಚರ್ಚ್ ಊರಿನಲ್ಲಿ ಮನೆ ಮಾಡಿಕೊಂಡು ಟ್ರಾವೆಲ್ ಏಜೆನ್ಸಿ ನಡೆಸುವ ಗಂಡ ಹೆಂಡತಿ. ಮದುವೆ ಗೊತ್ತು ಮಾಡಿದ್ದು ಅವರನ್ನು ಕಳಿಸಿದ ಸೋವಿಯತ್ ಬೇಹು ಸಂಸ್ಥೆ ಕೆಜಿಬಿ. ಇಬ್ಬರು ಮಕ್ಕಳಿದ್ದಾರೆ, ಅಪ್ಪ ಅಮ್ಮ ಯಾರೆಂಬುದು ಅವರಿಗೆ ತಿಳಿಯದು. ಎದುರು ಮನೆಗೆ ಬಂದವನು ಎಫ್‌ಬಿಐ ಅಧಿಕಾರಿ ಸ್ಟ್ಯಾನ್. ಇಷ್ಟು ಕೇಳಿದರೆ ಬೆನ್ನಟ್ಟುವ ಕಥೆ ಅನ್ನಿಸುತ್ತದೆ. ನಿಜಕ್ಕೂ ಇದು ದಾಂಪತ್ಯದ ಕಥೆ: ಮಕ್ಕಳಾಗಿ ಎಷ್ಟೋ ವರ್ಷಗಳಾದ ಮೇಲೆ ಒಬ್ಬರನ್ನೊಬ್ಬರು ನಿಜವಾಗಿ ಪ್ರೀತಿಸತೊಡಗುವ ಗಂಡ ಹೆಂಡತಿ, ಕೆಲಸದ ಹೆಸರಿನಲ್ಲಿ ಬೇರೆಯವರ ಹಾಸಿಗೆಗೆ ಹೋಗಬೇಕಾಗಿ ಬರುವುದು.

ನನ್ನ ಪರೀಕ್ಷೆಯಲ್ಲಿ ಈ ಸರಣಿ ಗೆಲ್ಲುವುದು ಮಾರ್ಥಾಳಿಂದ. ಎಫ್‌ಬಿಐ ಕಚೇರಿಯ ಕಾರ್ಯದರ್ಶಿ ಅವಳು, ಒಂಟಿ, ಒಳ್ಳೆಯವಳು. ಫಿಲಿಪ್ ವಿಗ್ಗು ಕನ್ನಡಕ ಹಾಕಿಕೊಂಡು ‘ಕ್ಲಾರ್ಕ್’ ಆಗಿ ಅವಳನ್ನು ಮದುವೆಯಾಗುತ್ತಾನೆ, ಅವಳ ಕೈಯಿಂದಲೇ ಮೇಲಧಿಕಾರಿಯ ಕೋಣೆಯೊಳಗೆ ಗುಪ್ತ ಮೈಕು ಇಡಿಸುತ್ತಾನೆ. ಬೇರೆ ಸರಣಿಯಾಗಿದ್ದರೆ ಅವಳು ಎರಡು ಕಂತಿನ ಪಾತ್ರ. ಇಲ್ಲಿ ಸೀಸನ್‌ಗಟ್ಟಲೆ ಅವಳ ಜೊತೆ ಇರುತ್ತೇವೆ. ಊಟದ ಮೇಜಿನ ಮೇಲೆ ಅವಳು ಮಕ್ಕಳ ಮಾತು ಎತ್ತಿದಾಗ ಫಿಲಿಪ್‌ನ ಮುಖ ನೋಡಲಾಗದೆ ನಾನು ಟಿವಿ ನಿಲ್ಲಿಸಿದ್ದುಂಟು. ಮೂರನೇ ಸೀಸನ್ ಮುಗಿಯುವ ಹೊತ್ತಿಗೆ ಅವನು ಅವಳೆದುರು ಒಂದೊಂದೇ ಪಿನ್ನು ಕಿತ್ತು ವಿಗ್ಗು ತೆಗೆಯುತ್ತಾನೆ. ಗುಂಡಿನ ಸದ್ದಿಲ್ಲ, ಓಟವಿಲ್ಲ, ಆದರೂ ಮೂರೂ ಸರಣಿಗಳಲ್ಲಿ ಅಷ್ಟು ಭಯ ಹುಟ್ಟಿಸಿದ ದೃಶ್ಯ ನನಗೆ ಇನ್ನೊಂದಿಲ್ಲ. ಮುಂದೆ ಅವಳನ್ನು ಮಾಸ್ಕೋಗೆ ಸಾಗಿಸುತ್ತಾರೆ. ಅಲ್ಲಿಗೂ ಕಥೆ ಅವಳ ಕೈ ಬಿಡುವುದಿಲ್ಲ: ಗೊತ್ತಿಲ್ಲದ ಭಾಷೆಯ ಊರಿನ ಅಂಗಡಿಯಲ್ಲಿ ಸಾಮಾನು ಕೊಳ್ಳುವ ಮಾರ್ಥಾ ಐದನೇ ಸೀಸನ್‌ನಲ್ಲಿ ಮತ್ತೆ ಎದುರಾಗುತ್ತಾಳೆ. ಆಲಿಸನ್ ರೈಟ್ ಅವರ ಈ ಅಭಿನಯವನ್ನು ಎಷ್ಟು ಹೊಗಳಿದರೂ ಕಡಿಮೆ.

‘ಡಾಯ್ಚ್‌ಲ್ಯಾಂಡ್ 83’ ಎಂಟೇ ಕಂತು. 2015ರಲ್ಲಿ ಬಂದ ಈ ಜರ್ಮನ್ ಸರಣಿಯನ್ನು ಕಟ್ಟಿದವರು ಆನಾ ವಿಂಗರ್ ಮತ್ತು ಯೋರ್ಗ್ ವಿಂಗರ್ ದಂಪತಿ. ಪೂರ್ವ ಜರ್ಮನಿಯ ಗಡಿ ಸೈನಿಕ ಮಾರ್ಟಿನ್‌ನನ್ನು ಅವನ ಸ್ವಂತ ಚಿಕ್ಕಮ್ಮನೇ ಬಲವಂತವಾಗಿ ಬೇಹುಗಾರಿಕೆಗೆ ಎಳೆಯುತ್ತಾಳೆ. ಒಪ್ಪಿದರೆ ತಾಯಿಗೆ ಬೇಗ ಮೂತ್ರಪಿಂಡ ಸಿಗುತ್ತದೆ ಎಂಬುದು ಆಮಿಷ. ಬೇರೊಬ್ಬನ ಹೆಸರು ಹೊತ್ತು ಅವನು ಪಶ್ಚಿಮ ಜರ್ಮನಿಯ ಸೇನಾಧಿಕಾರಿಯ ಸಹಾಯಕನಾಗುತ್ತಾನೆ. ವರ್ಷಗಟ್ಟಲೆ ಕಾಯುವ ಮಾತು ಇಲ್ಲಿಲ್ಲ, ಹೋದ ದಿನದಿಂದಲೇ ಕೆಲಸ. ವೇಗದಲ್ಲಿ ಮೂರರಲ್ಲಿ ಇದೇ ಮುಂದು. ಇತಿಹಾಸವನ್ನು ಕಥೆಯೊಳಗೆ ಇಳಿಸಿದ ರೀತಿಯಲ್ಲೂ ಇದೇ ಮುಂದು ಎಂದು ನನ್ನ ಅಭಿಪ್ರಾಯ. 1983ರ ನವೆಂಬರ್‌ನಲ್ಲಿ ಪಶ್ಚಿಮ ದೇಶಗಳ ಸೇನಾ ಕೂಟ ನ್ಯಾಟೊ ನಡೆಸಿದ ‘ಏಬಲ್ ಆರ್ಚರ್’ ಕವಾಯತನ್ನು ನಿಜವಾದ ಅಣ್ವಸ್ತ್ರ ದಾಳಿಯ ತಯಾರಿ ಎಂದು ಸೋವಿಯತ್ ಪಾಳಯ ಶಂಕಿಸಿದ ಪ್ರಸಂಗವೇ ಇದರ ತುದಿ. ಮಾರ್ಟಿನ್ ಜೀವ ಪಣಕ್ಕಿಟ್ಟು ಕದ್ದು ತಂದ ಫ್ಲಾಪಿಯನ್ನು ಓದಬಲ್ಲ ಕಂಪ್ಯೂಟರೇ ಪೂರ್ವ ಬರ್ಲಿನ್‌ನ ಬೇಹು ಕಚೇರಿಯಲ್ಲಿ ಇಲ್ಲದ ಪ್ರಸಂಗ ಎರಡು ಜರ್ಮನಿಗಳ ಅಂತರವನ್ನು ಯಾವ ಭಾಷಣಕ್ಕಿಂತ ಚೆನ್ನಾಗಿ ಹೇಳುತ್ತದೆ.

ಆದರೆ ಇಲ್ಲೂ ಒಬ್ಬ ಕಾರ್ಯದರ್ಶಿ ಇದ್ದಾಳೆ, ಮಾರ್ಟಿನ್‌ನ ಪ್ರೇಮದ ನಟನೆಯನ್ನು ನಂಬಿದ ಲಿಂಡಾ. ಪೂರ್ವ ಜರ್ಮನಿಯ ವಿದೇಶಿ ಬೇಹು ವಿಭಾಗದ ಮುಖ್ಯಸ್ಥ ಮಾರ್ಕುಸ್ ವೋಲ್ಫ್ ‘ರೋಮಿಯೊ’ಗಳನ್ನು ಕಳಿಸಿ ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್‌ನ ಸರ್ಕಾರಿ ಕಾರ್ಯದರ್ಶಿಗಳನ್ನು ಪ್ರೇಮದ ಬಲೆಗೆ ಬೀಳಿಸುತ್ತಿದ್ದದ್ದು ಇತಿಹಾಸ. ಪಾತ್ರಕ್ಕೆ ಗಟ್ಟಿ ನೆಲವಿತ್ತು. ಆದರೂ ಲಿಂಡಾಳಿಗೆ ಸತ್ಯ ತಿಳಿದದ್ದೇ ತಡ, ಅವಳ ಸಾವಿನಲ್ಲಿ ಆ ಎಳೆ ಮುಗಿದು ಕಥೆ ಮುಂದಕ್ಕೆ ಓಡುತ್ತದೆ. ಮಾರ್ಥಾಳನ್ನು ನೋಡಿ ಬಂದವರಿಗೆ ಇದು ಅನ್ಯಾಯ ಅನ್ನಿಸದೆ ಇರದು. ಈ ಸರಣಿಗೆ ಎರಡನೇ ಸ್ಥಾನ ಕೊಡಲು ನನಗಿರುವ ಕಾರಣ ಇದೊಂದೇ. ಮುಂದುವರಿದ 86 ಮತ್ತು 89ರ ಭಾಗಗಳಲ್ಲಿ ಮೊದಲಿನ ಬಿಗಿ ಇಲ್ಲ.

‘ದಿ ಸ್ಪೈ’ ನೆಟ್‌ಫ್ಲಿಕ್ಸ್‌ನಲ್ಲಿ 2019ರಲ್ಲಿ ಬಂದ ಆರು ಕಂತುಗಳ ಸರಣಿ. ಇಸ್ರೇಲಿನ ಗೂಢಚಾರ ಎಲಿ ಕೊಹೆನ್ ‘ಕಾಮೆಲ್ ಅಮೀನ್ ಥಾಬೆತ್’ ಎಂಬ ವ್ಯಾಪಾರಿಯಾಗಿ ಬ್ಯೂನಸ್ ಐರಿಸ್ ಮೂಲಕ ಡಮಾಸ್ಕಸ್ ಸೇರಿ, ಸಿರಿಯಾದ ಅಧಿಕಾರಸ್ಥರ ಮನೆಗಳಲ್ಲಿ ಅತಿಥಿಯಾಗಿ, ಕೊನೆಗೆ 1965ರ ಮೇ 18ರಂದು ಅದೇ ನಗರದ ಚೌಕದಲ್ಲಿ ಬಹಿರಂಗವಾಗಿ ಗಲ್ಲಿಗೇರಿದ ನಿಜ ಸಂಗತಿ. ಹಾಸ್ಯಕ್ಕೆ ಹೆಸರಾದ ಸಾಶಾ ಬ್ಯಾರನ್ ಕೊಹೆನ್ ಇಲ್ಲಿ ನಗಿಸದೆ ಅಭಿನಯಿಸಿ ಮನಸ್ಸು ತಟ್ಟುತ್ತಾರೆ. ‘ದಿ ಅಮೆರಿಕನ್ಸ್’ನಲ್ಲಿ ಗೂಢಚಾರರನ್ನು ಹುಡುಕುವ ಸ್ಟ್ಯಾನ್ ಆಗಿದ್ದ ನೋವಾ ಎಮರಿಕ್ ಇಲ್ಲಿ ಗೂಢಚಾರನನ್ನು ಕಳಿಸುವ ಅಧಿಕಾರಿ. ಎರಡನ್ನೂ ನೋಡಿದವರಿಗೆ ಅದೊಂದು ಹೆಚ್ಚಿನ ಸಂತೋಷ.

ಈ ಸರಣಿ ಸೋಲುವುದು ಭಾಷೆಯಲ್ಲಿ. ಎಲಿ ಕೊಹೆನ್ ಹುಟ್ಟಿದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಅವರ ಅರಬ್ಬಿಯಲ್ಲಿ ಈಜಿಪ್ಟಿನ ಧಾಟಿ ಇತ್ತು, ಸಿರಿಯಾದವನೆನಿಸಿಕೊಳ್ಳಲು ಅದನ್ನು ಅಳಿಸಿಕೊಳ್ಳಬೇಕಿತ್ತು. ಧಾರವಾಡದವರು ಮಂಗಳೂರಿನಲ್ಲಿ ಹುಟ್ಟಿ ಬೆಳೆದವರಂತೆ ಮಂಗಳೂರಿನವರ ನಡುವೆಯೇ ಹಗಲಿರುಳು ಮಾತಾಡಬೇಕಾಗಿ ಬಂದರೆ ಎಂಥ ಎಚ್ಚರ ಬೇಕೆಂದು ಯೋಚಿಸಿ. ಸರಣಿಯಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುವುದರಿಂದ ಆ ಎಚ್ಚರ ನಮ್ಮ ಕಿವಿಗೆ ಬೀಳುವುದೇ ಇಲ್ಲ. ‘ದಿ ಅಮೆರಿಕನ್ಸ್’ನಲ್ಲಿ ಸೋವಿಯತ್ ರಾಯಭಾರ ಕಚೇರಿಯವರು ತಮ್ಮೊಳಗೆ ರಷ್ಯನ್ ಆಡುತ್ತಾರೆ, ದಂಪತಿ ಮಾತ್ರ ಮನೆಯೊಳಗೂ ತಾಯ್ನುಡಿ ಆಡುವಂತಿಲ್ಲ. ಆ ವ್ಯತ್ಯಾಸ ಕಿವಿಗೆ ಬಿದ್ದಾಗಲೇ ಅವರು ಕಳೆದುಕೊಂಡದ್ದು ಅರ್ಥವಾಗುತ್ತದೆ. ಮನೆಯಲ್ಲಿ ಕಾಯುವ ಹೆಂಡತಿ ನಾದಿಯಾಳಿಗೆ ‘ದಿ ಸ್ಪೈ’ ಸಾಕಷ್ಟು ಹೊತ್ತು ಕೊಡುತ್ತದೆ ನಿಜ. ಥಾಬೆತ್‌ನನ್ನು ನಂಬಿದ ಸಿರಿಯಾದ ಗೆಳೆಯರಿಗೆ ಮುಂದೇನಾಯಿತು ಎಂಬುದರ ಕಡೆ ಅದು ಹೆಚ್ಚು ಹೊರಳುವುದಿಲ್ಲ.

ಕೆಲವೇ ಸಂಜೆಗಳು ಬಿಡುವಿರುವವರು ‘ಡಾಯ್ಚ್‌ಲ್ಯಾಂಡ್ 83’ರಿಂದ ಶುರು ಮಾಡಿ, ಡಬ್ಬಿಂಗ್ ಬೇಡ, ಜರ್ಮನ್ ದನಿಯಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಿ. ತಿಂಗಳುಗಳನ್ನು ಕೊಡಬಲ್ಲವರಿಗೆ ‘ದಿ ಅಮೆರಿಕನ್ಸ್’. ಅದರ ಐದನೇ ಸೀಸನ್ ನಿಧಾನ, ಹಲವರು ಅಲ್ಲೇ ಬಿಟ್ಟಿದ್ದಾರೆ. ದಯವಿಟ್ಟು ಬಿಡಬೇಡಿ. ಕೊನೆಯ ಕಂತಿನಲ್ಲಿ ಪಾರ್ಕಿಂಗ್ ಗ್ಯಾರೇಜೊಂದರಲ್ಲಿ ಸ್ಟ್ಯಾನ್ ತನ್ನ ನೆರೆಮನೆಯವರಿಗೆ ಎದುರಾಗಿ ನಿಲ್ಲುತ್ತಾನೆ. ಆರು ಸೀಸನ್ ಉದ್ದಕ್ಕೂ ಅವರನ್ನು ನಂಬಿದ ಮನುಷ್ಯ ಅವನು, ಆ ದೃಶ್ಯದಲ್ಲಿ ಅವನಿಗೆ ಪೂರ್ತಿ ಮಾತಾಡಲು ಬಿಟ್ಟಿದ್ದಾರೆ.